ಕಪ್ಪೆ ಸಾಕುವುದಾದರೆ ಹೊಲದಲ್ಲೇ ಸಾಕೋಣ

ಹೋದ ವರ್ಷ ಬೇಸಿಗೆ ರಜೆಗೆ ಬಂದಿದ್ದ ಮಗಳ ಮಗ, ಮೊದಲ ಜೋರು ಮಳೆಯ ಮಾರನೇ ದಿನ ಹೊಲದ ಗುಂಡಿಯಿಂದ ಒಂದು ಗೋಂಕರುಕಪ್ಪೆ ಹಿಡಿದು ತಂದ. ಬೊಗಸೆ ತುಂಬುವಷ್ಟು ದೊಡ್ಡದು. ಮೈಗೆ ಅರಿಶಿನ ಬಳಿದಂಗೆ ಹಳದಿ ಬಣ್ಣ, ಗಂಟಲ ಎರಡೂ ಕಡೆ ನೀಲಿ ಚೀಲ. ಮಳೆ ಬಿದ್ದು ಜೋಡಿ ಹುಡುಕುವ ದಿನಗಳಲ್ಲಿ ಗಂಡಿಗೆ ಮಾತ್ರ ಈ ಬಣ್ಣ. "ತಾತ, ಇದನ್ನ ಸಾಕ್ತೀನಿ, ಊರಿಗೂ ತಗಂಡೋಗ್ತೀನಿ" ಅಂದ. ಆಗಲಿ ಅಂತ ದನ ನೀರು ಕುಡಿಯುವ ಹಳೇ ತೊಟ್ಟಿಗೆ ಗೇಣುದ್ದ ನೀರು ಬಿಟ್ಟು, ಹತ್ತಿ ಕೂರಲು ಒಂದು ಕಲ್ಲು ಇಟ್ಟುಕೊಟ್ಟೆ.

ಹುಡುಗ ಅನ್ನ ಹಾಕಿದ, ಮುದ್ದೆ ಚೂರು ಹಾಕಿದ. ಕಪ್ಪೆ ತಿರುಗಿಯೂ ನೋಡಲಿಲ್ಲ. ಸತ್ತ ಜಿರಳೆ ಮೂಗಿನ ಮುಂದೆ ಬಿದ್ದಿದ್ದರೂ ಸುಮ್ಮನೆ ಕೂತಿತ್ತು. ಅದೇ ಜಿರಳೆಯನ್ನು ಕಡ್ಡಿಯಿಂದ ಅಲ್ಲಾಡಿಸಿದಾಗ ಒಂದೇ ನೆಗೆತಕ್ಕೆ ನುಂಗಿತು. ಅಲ್ಲಾಡಿದರೇ ಅದಕ್ಕೆ ಊಟ. ನುಂಗುವಾಗ ಕಣ್ಣುಗುಡ್ಡೆ ಒಳಕ್ಕೆ ಹೋಗುತ್ತದೆ, ತುತ್ತನ್ನು ಗಂಟಲಿಗೆ ತಳ್ಳಲು ಕಣ್ಣೂ ಕೈಗೂಡಿಸುತ್ತದೆ. ಆಮೇಲೆ ಮಿಡತೆ, ಜೀರುಂಡೆ ಹಿಡಿದು ತರುವುದೇ ಹುಡುಗನ ಕೆಲಸವಾಯ್ತು. ಜತೆಗಿರಲಿ ಅಂತ ಒಂದು ಸಣ್ಣ ಕಪ್ಪೆ ಬಿಟ್ಟ. ಬೆಳಿಗ್ಗೆ ನೋಡಿದರೆ ಅದೂ ಇಲ್ಲ! ಬಾಯಿಗೆ ಹಿಡಿದರೆ ಇಲಿಮರಿಯನ್ನೂ ಬಿಡದ ಜಾತಿ ಇದು.

ಮೂರನೇ ದಿನಕ್ಕೆ ತೊಟ್ಟಿ ನೀರು ನಾತ ಹೊಡೆಯಿತು. ತೊಳೆದು ಒಣಗುವ ತನಕ ಅಂತ ಕಪ್ಪೆಯನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಬಿಟ್ಟೆ. ಅದು ನಾನು ಶೇಂಗಾಕ್ಕೆ ಔಷಧಿ ಕಲಸುತ್ತಿದ್ದ ಬಕೆಟ್ಟು. ಮೂರು ಸಲ ತೊಳೆದಿದ್ದೆ, ವಾಸನೆಯೂ ಇರಲಿಲ್ಲ. ಬೆಳಿಗ್ಗೆ ಕಪ್ಪೆ ಕಾಲು ಚಾಚಿ ಸತ್ತಿತ್ತು. "ಇದ್ರಲ್ಲಿ ಏನಿತ್ತು ತಾತ?" ಅಂತ ಹುಡುಗ ಕೇಳಿದ. ಔಷಧಿ ಅನ್ನಲು ಬಾಯಿ ಬರಲಿಲ್ಲ.

ಅದರಿಂದಲೇ ಸತ್ತಿತು ಅಂತ ನಾನು ಆಣೆ ಮಾಡಲಾರೆ. ಆದರೆ ಒಂದು ವಿಚಾರ ನೋಡಿ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ, ತೊಗಲಿನಿಂದ ಹೀರುತ್ತದೆ. ಉಸಿರಾಟದಲ್ಲೂ ತೊಗಲಿಗೆ ಪಾಲುಂಟು. ನೀರಿನಲ್ಲಿ ಏನಿದೆಯೋ ಅದು ನೇರ ಮೈಗೆ ಹೋಗುತ್ತದೆ. ಅದೇ ಬಕೆಟ್ಟಿಗೆ ನಾನು ಎಷ್ಟು ವರ್ಷ ಬರಿಗೈ ಅದ್ದಿದ್ದೇನೋ! ಹೊಂಡದ ಪಕ್ಕದಲ್ಲೇ ಪಂಪು ತೊಳೆದು ಚೆಲ್ಲಿದ ನೀರು ಎಲ್ಲಿಗೆ ಹೋಯ್ತು? ನಮ್ಮ ಹೊಲದಲ್ಲಿ ಮಳೆರಾತ್ರಿ ಕಪ್ಪೆ ಕೂಗು ಯಾಕೆ ಕಮ್ಮಿಯಾಯ್ತು ಅಂತ ಬೇರೆಯವರನ್ನು ಕೇಳಬೇಕಾಗಿಲ್ಲ.

ಒಂದು ಕಾಲದಲ್ಲಿ ಇದೇ ಜಾತಿ ಕಪ್ಪೆಯ ಕಾಲು ನಮ್ಮ ದೇಶದಿಂದ ಹೊರದೇಶಕ್ಕೆ ಹೋಗುತ್ತಿತ್ತು. 1987ರಲ್ಲಿ ಕೇಂದ್ರ ಸರ್ಕಾರ ಆ ರಫ್ತು ನಿಲ್ಲಿಸಿತು. ಹೊರಗೆ ಹೋಗುವುದನ್ನು ಸರ್ಕಾರ ನಿಲ್ಲಿಸಬಹುದು, ಹೊಲದೊಳಗೆ ಸಾಯುವುದನ್ನು ನಾವೇ ನಿಲ್ಲಿಸಬೇಕು.

ಹಾಗಾದರೆ ಸಾಕುವುದು ಹೇಗೆ? ತೊಟ್ಟಿಯಲ್ಲಿ ಬೇಡ, ಹೊಲದಲ್ಲೇ ಸಾಕೋಣ. ನಾನು ಈಗ ಮಾಡುತ್ತಿರುವುದು ಇಷ್ಟೇ. ಔಷಧಿ ಬಕೆಟ್ಟು, ಪಂಪು ಹೊಂಡದ ಹತ್ತಿರಕ್ಕೂ ಒಯ್ಯುವುದಿಲ್ಲ. ಬದುವಿನ ಒಂದು ಮೂಲೆಯಲ್ಲಿ ಹುಲ್ಲು, ಕಲ್ಲುಗುಪ್ಪೆ ಹಾಗೇ ಬಿಟ್ಟಿದ್ದೇನೆ. ಹಗಲು ಅವಕ್ಕೆ ತಂಪು ಬೇಕು. ಬೇಸಿಗೆಯಲ್ಲಿ ಮಣ್ಣೊಳಗೆ ಹೂತುಕೊಂಡು ಮಳೆ ಕಾಯುವ ಜೀವ ಅದು, ಆದ್ದರಿಂದ ಒಣಗಿದ ಗುಂಡಿಯನ್ನು ಪೂರ್ತಿ ಕೆದಕುವುದಿಲ್ಲ.

ಇನ್ನೊಂದು ಮುಖ್ಯ ಮಾತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮಂಥ ಮಳೆಯಾಶ್ರಿತರ ಹೊಲಗಳಲ್ಲಿ ಹಾಳೆ ಹಾಸಿದ ಕೃಷಿಹೊಂಡಗಳಾದವು. ನೀರಿಗೆ ಒಳ್ಳೇದೇ. ಆದರೆ ಇಳಿಜಾರಿನ ಹಾಳೆ ಜಾರುತ್ತದೆ. ಒಳಗೆ ಬಿದ್ದ ಪ್ರಾಣಿ ಹತ್ತಲಾಗದೆ ಸಾಯುತ್ತದೆ. ನಾಲ್ಕೂ ಕಡೆ ಒಂದೊಂದು ದಪ್ಪ ತೆಂಗಿನ ನಾರಿನ ಹಗ್ಗ ಇಳಿಬಿಟ್ಟು ಮೇಲೆ ಗೂಟಕ್ಕೆ ಕಟ್ಟಿ. ಹಳೇ ಗೋಣಿಚೀಲವಾದರೂ ಆದೀತು. ಖರ್ಚೇನಿಲ್ಲ.

ಹಾಗಂತ ಬೇರೆ ಕಡೆಯಿಂದ ಕಪ್ಪೆ ತಂದು ಬಿಡಬೇಡಿ. ಅಂಡಮಾನಿಗೆ ಹೊರಗಿನಿಂದ ಹೋಗಿ ಸೇರಿದ ಇದೇ ಗೋಂಕರುಕಪ್ಪೆಯ ಗೊದಮೊಟ್ಟೆಗಳು ಅಲ್ಲಿನ ಕಪ್ಪೆಗಳ ಮರಿಗಳನ್ನೇ ತಿನ್ನುತ್ತಿವೆ. ಇಲ್ಲಿ ಉಪಕಾರಿ, ಅಲ್ಲಿ ಉಪದ್ರವ. ನೀರು ಚೊಕ್ಕವಾಗಿದ್ದರೆ ನಿಮ್ಮ ಕಪ್ಪೆ ನಿಮ್ಮ ಹೊಲಕ್ಕೇ ಬರುತ್ತದೆ.

ಕೀಟವೆಲ್ಲ ಕಪ್ಪೆಯೇ ತಿಂದು ಮುಗಿಸುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಈ ವರ್ಷ ಮೊದಲ ಮಳೆಯಾದ ರಾತ್ರಿ ಕಣದ ದೀಪಕ್ಕೆ ಮುತ್ತಿದ ಪತಂಗಗಳನ್ನು ಎರಡು ಕಪ್ಪೆ ಕೂತು ತಿನ್ನುವುದನ್ನು ಹುಡುಗನಿಗೆ ತೋರಿಸಿದೆ. "ಹಿಡಿಯಲ್ವೇನೋ?" ಅಂದೆ. "ಬ್ಯಾಡ ತಾತ, ಅವು ಉಣ್ತಿದಾವೆ" ಅಂದ.

ನಿಮ್ಮ ಹೊಲದಲ್ಲಿ ಈ ಸಲ ಮಳೆಗೆ ಕಪ್ಪೆ ಕೂಗಿತೇ? ಕಿವಿಗೊಟ್ಟು ಕೇಳಿ, ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.