ಬೆಕ್ಕು ತಾನಾಗಿ ಹೋಗಿ ಸಾಯುತ್ತದೆಯೇ?



“ಬೆಕ್ಕು ಮನೆಯೊಳಗೆ ಸಾಯುವುದಿಲ್ಲ, ಕಾಲ ಬಂದಾಗ ತಾನಾಗಿ ಎಲ್ಲಿಗಾದರೂ ಹೋಗುತ್ತದೆ.” ನಮ್ಮ ಕಾಸರಗೋಡಿನ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಕೇಳಲು ಹಿತವಾಗಿದೆ. ಬೆಕ್ಕಿಗಿಂತ ನಮಗೇ ಹೆಚ್ಚು ಹಿತವಾಗಿದೆ ಎಂಬುದು ನಮ್ಮ ತಕರಾರು.

ನೋವಿನಲ್ಲಿರುವ ಬೆಕ್ಕು ಅಡಗಿಕೊಳ್ಳುತ್ತದೆ. ಬಲ ಕುಂದಿದ ಮೇಲೆ ನಾಯಿಯ ಬಾಯಿಗೆ ಸಿಗಬಾರದಲ್ಲ! ಕಟ್ಟಿಗೆ ರಾಶಿಯ ಹಿಂದೆ, ಹಟ್ಟಿಯ ಮೂಲೆಯಲ್ಲಿ ಮುದುಡಿ ಕೂರುತ್ತದೆ. ನಾವು “ಹೋಯಿತು” ಎಂದು ನಿಟ್ಟುಸಿರು ಬಿಟ್ಟ ಮೇಲೂ ಅದು ಅಲ್ಲೇ ನೀರಿಲ್ಲದೆ ಎರಡು ದಿನ ಬದುಕಿರಬಹುದು.

ನಮ್ಮ ಮನೆಯ ಬೆಕ್ಕು ಸಿಕ್ಕಿದ್ದು ಮೀನು ಮಾರ್ಕೆಟಿನ ಹೊರಗೆ, ಗೋಣಿಚೀಲದಲ್ಲಿ. ಯಾರೋ ಮರಿಯನ್ನು ಬಿಟ್ಟು ಹೋಗಿದ್ದರು. ಕನ್ನಡದಲ್ಲಿ ಬೆಕ್ಕು, ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ, ಕೊಂಕಣಿಯಲ್ಲಿ ಮಾಜರ್ ಎಂದು ನಾಲ್ಕು ಭಾಷೆಯಲ್ಲಿ ಕರೆದರೂ ಅದು ಓಡಿ ಬರುತ್ತಿದ್ದುದು ಅಜ್ಜಿ ಬಂಗುಡೆ ಕೊಯ್ಯುವ ಸದ್ದಿಗೆ ಮಾತ್ರ. ಹಾಗೇ 15 ವರ್ಷ ಬಾಳಿತು. ಮನುಷ್ಯರ ಲೆಕ್ಕದಲ್ಲಿ ಅದು ಎಪ್ಪತ್ತೈದರ ಹತ್ತಿರ.

ಕಳೆದ ಮಳೆಗಾಲದಲ್ಲಿ ವಿಪರೀತ ನೀರು ಕುಡಿಯತೊಡಗಿತು. ಮೈ ಇಳಿಯಿತು, ನೆಕ್ಕಿ ಚೊಕ್ಕಟ ಮಾಡಿಕೊಳ್ಳುವುದೂ ನಿಂತಿತು. ಮೃಗಾಸ್ಪತ್ರೆಯ ಡಾಕ್ಟರು ಪರೀಕ್ಷಿಸಿ ಕಿಡ್ನಿ ಸೋತಿದೆ ಎಂದರು. ಮುದಿ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಪೂರ್ತಿ ಗುಣವಾಗುವುದಿಲ್ಲ, ಬೇಗ ತಿಳಿದರೆ ಆಹಾರ, ಔಷಧಿ, ಚರ್ಮದಡಿ ಕೊಡುವ ಡ್ರಿಪ್‌ನಿಂದ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಸಿಗುತ್ತವೆ. ನಮಗೆ ನಾಲ್ಕು ತಿಂಗಳು ಸಿಕ್ಕಿತು. ಬಂಗುಡೆಯ ತಲೆಯನ್ನೂ ಮೂಸಿ ಮುಖ ತಿರುಗಿಸಿದ ದಿನ, ಡಾಕ್ಟರು ಹೇಳಿದ ಇಂಜೆಕ್ಷನ್‌ಗೆ ಒಪ್ಪಿದೆವು. ಮೊದಲು ಮಂಪರು ಬರಿಸುತ್ತಾರೆ, ಆಮೇಲೆ ಅರಿವಳಿಕೆ ಔಷಧಿಯನ್ನೇ ಹೆಚ್ಚು ಪ್ರಮಾಣದಲ್ಲಿ ಕೊಡುತ್ತಾರೆ. ಕೆಲವೇ ನಿಮಿಷ. ಅಜ್ಜಿಯೇ ತಲೆ ಹಿಡಿದು ಕುಳಿತರು.

“ಇದು ಪಾಪವಲ್ಲವೇ?” ಎಂದು ಪೂಜೆ ಮುಗಿಸಿ ಬರುವಾಗ ಕೇಳಿದವರಿದ್ದಾರೆ. ಪ್ರಾಣಿಗಳನ್ನು ವಿನಾಕಾರಣ ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದು ನಮ್ಮ ಧರ್ಮಸಭೆಯ ಕ್ಯಾಟಕಿಸಂ 2418ನೇ ಸಂಖ್ಯೆಯಲ್ಲಿ ಕಲಿಸುತ್ತದೆ. ಇಲ್ಲಿ ಕಾರಣವಿತ್ತು. ಇನ್ನೂ ವಾರಗಟ್ಟಲೆ ನರಳಲು ಬಿಡುವುದಕ್ಕೆ ನಮಗೆ ಯಾವ ಕಾರಣವೂ ಕಾಣಲಿಲ್ಲ.

ಅದೇ ಸಂಖ್ಯೆಯಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಮನುಷ್ಯರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದು ಸರಿಯಲ್ಲ. ಆದ್ದರಿಂದ ಮಂಗಳೂರಿಗೆ ಒಯ್ದು ದುಬಾರಿ ಚಿಕಿತ್ಸೆ ಕೊಡಿಸದ ಮನೆಯವರನ್ನು ಕಲ್ಲೆದೆಯವರು ಎನ್ನುವುದು ಬೇಡ. ಆದರೆ ಹತ್ತಿರದ ಮೃಗಾಸ್ಪತ್ರೆಗೆ ಒಂದು ಆಟೋ ಬಾಡಿಗೆ ಎಷ್ಟಾದೀತು? ಗೋಣಿಚೀಲದ ದಾರಿಯಂತೂ ಕಾನೂನಿಗೂ ವಿರುದ್ಧ. ಹಸಿವು ಬಾಯಾರಿಕೆಯಿಂದ ನರಳುವಂಥ ಕಡೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ನೋವು ಕಡಿಮೆಯಾಗಲಿ ಎಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಮಾತ್ರ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆಗೆ ಜೀವ ಹೋಗಬಹುದು.

ಮಕ್ಕಳಿಗೆ “ಎಲ್ಲೋ ಹೋಗಿದೆ, ಬರುತ್ತದೆ” ಎನ್ನುವುದೂ ಬೇಡ. ಸಂಜೆ ಸಂಜೆ ಹಾಲಿನ ತಟ್ಟೆ ಹಿಡಿದು ಅಂಗಳದಲ್ಲಿ ಕಾಯುವವರು ಅವರೇ. ಸತ್ತಿದೆ ಎಂದು ಹೇಳಿ, ಅಳಲು ಬಿಡಿ. “ಬೆಕ್ಕಿಗೆ ಯಾರಾದರೂ ಅಳುತ್ತಾರಾ” ಎನ್ನುವ ಮಾವಂದಿರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಗುಂಡಿ ತೋಡುವ ಕೆಲಸ ಅವರಿಗೇ ಕೊಡಿ, ನಮ್ಮಲ್ಲಿ ಹಾಗೇ ಮಾಡಿದೆವು. ಮೂರಡಿಯಾದರೂ ಆಳವಿರಲಿ, ಮೇಲೆ ಕಲ್ಲು ಹೇರಿ. ಇಂಜೆಕ್ಷನ್ ಕೊಟ್ಟ ದೇಹವನ್ನು ನಾಯಿ ಕೆದಕಿ ತಿಂದರೆ ಅದರ ಜೀವಕ್ಕೂ ಅಪಾಯ.