ಗೂಗಲ್‌ನಲ್ಲಿ ಮೊದಲು ಬಂದ ಲಿಂಕ್ ನಂಬಬಹುದೇ? ಸಬ್‌ಡೊಮೈನ್ ಕುರಿತ ಎರಡು ತಪ್ಪು ಕಲ್ಪನೆಗಳು

"ಗೂಗಲ್‌ನಲ್ಲೇ ಮೊದಲು ಬಂತು, ಸುಳ್ಳು ಹೇಗಾಗುತ್ತದೆ?" ಫಾರ್ವರ್ಡ್ ಸಂದೇಶಗಳ ಬಗ್ಗೆ ಮಾತಾಡುವಾಗ ನಾವು ಆಗಾಗ ಕೇಳುವ ಪ್ರಶ್ನೆ ಇದು. ವೆಬ್‌ಸೈಟ್ ನಡೆಸುವವರಲ್ಲಿ ಇನ್ನೊಂದು ನಂಬಿಕೆಯಿದೆ: ಲೇಖನಗಳನ್ನು ಸಬ್‌ಡೊಮೈನ್‌ಗೆ ಸಾಗಿಸಿದರೆ ಗೂಗಲ್ ಅವನ್ನು ಹಿಂದಕ್ಕೆ ತಳ್ಳುತ್ತದೆ. ಇವೆರಡೂ ಪೂರ್ತಿ ನಿಜವಲ್ಲ.

ಸಬ್‌ಡೊಮೈನ್ ಎಂದರೇನು?

ವಿಕಿಪೀಡಿಯಾದ ವಿಳಾಸ 'ವಿಕಿಪೀಡಿಯಾ.ಆರ್ಗ್'. ಕನ್ನಡ ಆವೃತ್ತಿಗೆ ಅದರ ಮುಂದೆ 'ಕೆಎನ್' ಸೇರುತ್ತದೆ. ಈ 'ಕೆಎನ್' ಭಾಗವೇ ಸಬ್‌ಡೊಮೈನ್. ಒಂದೇ ಕಾಂಪೌಂಡಿನೊಳಗಿನ ಇನ್ನೊಂದು ಮನೆ ಇದ್ದಂತೆ. ಮುಖ್ಯ ವಿಳಾಸದ ಮಾಲೀಕರು ಇಂಥದ್ದನ್ನು ಯಾರ ಅನುಮತಿಯೂ ಇಲ್ಲದೆ ಸೃಷ್ಟಿಸಬಹುದು.

ಸ್ಥಳಾಂತರಿಸಿದರೆ ರ‍್ಯಾಂಕಿಂಗ್ ಬೀಳುತ್ತದೆಯೇ?

ಸಬ್‌ಡೊಮೈನ್ ಆದರೂ ಸರಿ, ಮುಖ್ಯ ವಿಳಾಸದೊಳಗಿನ ಫೋಲ್ಡರ್ ಆದರೂ ಸರಿ ಎಂಬುದು ಗೂಗಲ್‌ನ ನಿಲುವು. ಆದರೂ ಸಾಗಿಸಿದ ಮೇಲೆ ಓದುಗರು ಕಡಿಮೆಯಾದರು ಎನ್ನುವವರಿದ್ದಾರೆ. ಕಾರಣವನ್ನು ಹೆಚ್ಚಾಗಿ ಸ್ಥಳಾಂತರದಲ್ಲೇ ಹುಡುಕಬೇಕು. ಪ್ರತಿ ಪುಟದ ವಿಳಾಸವೂ ಬದಲಾಗುತ್ತದೆ. ಬೇರೆಯವರು ಕೊಟ್ಟಿದ್ದ ಲಿಂಕ್‌ಗಳು ಹಳೆಯ ವಿಳಾಸಕ್ಕೇ ಹೋಗುತ್ತವೆ. ಹಳೆಯದರಿಂದ ಹೊಸದಕ್ಕೆ ಕಳಿಸುವ '301' ರೀಡೈರೆಕ್ಟ್ ಹಾಕದಿದ್ದರೆ ಆ ಪುಟ ಗೂಗಲ್‌ಗೆ ಹೊಸ ಪುಟವೇ. ರೀಡೈರೆಕ್ಟ್ ಇದ್ದರೂ ಮಧ್ಯಮ ಗಾತ್ರದ ಸೈಟ್‌ನ ಪುಟಗಳನ್ನು ಗೂಗಲ್ ಮತ್ತೆ ಗುರುತಿಸಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಏರಿಳಿತ ಸಹಜ. ಅದನ್ನು ಕನಿಷ್ಠ 1 ವರ್ಷ ಉಳಿಸಿಕೊಳ್ಳಿ ಎನ್ನುತ್ತದೆ ಗೂಗಲ್.

ಸಬ್‌ಡೊಮೈನ್‌ನಿಂದಲೇ ನಷ್ಟವಾಯಿತು ಎಂದು ವಾದಿಸುವ ಎಸ್‌ಇಒ ವೃತ್ತಿಪರರೂ ಇದ್ದಾರೆ. ಆದರೆ ಸ್ಥಳಾಂತರದ ಜೊತೆಗೆ ವಿನ್ಯಾಸ, ಮೆನು, ಲಿಂಕ್‌ಗಳೂ ಬದಲಾಗಿದ್ದರೆ ಯಾವುದು ಕಾರಣ ಎಂದು ಬೇರ್ಪಡಿಸುವುದು ಕಷ್ಟ.

ಓದುಗರಿಗೆ ಇದೇಕೆ ಮುಖ್ಯ?

ಹೆಸರುವಾಸಿ ಸೈಟ್‌ಗಳು ತಮ್ಮ ಒಂದು ಭಾಗವನ್ನೋ ಸಬ್‌ಡೊಮೈನನ್ನೋ ಬೇರೆಯವರಿಗೆ ಕೊಡುವುದುಂಟು. ಹಾಗೆ ಬಂದ ಕೂಪನ್ ಅಥವಾ ಸಾಲದ ಪುಟಗಳು ಆ ಹೆಸರಿನ ಬಲದಲ್ಲೇ ಮೇಲೇರುತ್ತವೆ. ಇದನ್ನು ತಡೆಯಲು ಗೂಗಲ್ 2024ರ ಮಾರ್ಚ್‌ನಲ್ಲಿ ನಿಯಮ ಪ್ರಕಟಿಸಿ, ಮೇ ತಿಂಗಳಿಂದ ಜಾರಿಗೆ ತಂದಿತು. ಅಂದರೆ ಮೇಲಿನ ಸ್ಥಾನವನ್ನು ಎರವಲು ಪಡೆಯಬಹುದು ಎಂದು ಗೂಗಲ್ಲೇ ಒಪ್ಪಿಕೊಂಡಂತಾಯಿತು.

ಇದಕ್ಕಿಂತ ಅಪಾಯಕಾರಿ ಎಂದರೆ ಸರ್ಕಾರದ ಹೆಸರನ್ನೇ ಸಬ್‌ಡೊಮೈನ್ ಮಾಡಿಕೊಳ್ಳುವ ವಂಚನೆ. 'ಗವ್.ಇನ್' ಎಂದು ಕೊನೆಗೊಳ್ಳುವ ವಿಳಾಸ ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಆದರೆ 'ಕರ್ನಾಟಕ.ಗವ್.ಇನ್.ಬೇರೆಹೆಸರು.ಕಾಮ್' ಎಂದಿದ್ದರೆ ಅದರ ಒಡೆಯ 'ಬೇರೆಹೆಸರು.ಕಾಮ್', ಸರ್ಕಾರವಲ್ಲ. ವಿದ್ಯಾರ್ಥಿವೇತನದ ಆಸೆಗೆ ಅಲ್ಲಿ ಆಧಾರ್ ಸಂಖ್ಯೆ, ಒಟಿಪಿ ತುಂಬಿದರೆ ಅವು ವಂಚಕರ ಕೈ ಸೇರುತ್ತವೆ.

ಹೀಗೆ ಪರಿಶೀಲಿಸಿ

- ವಿಳಾಸದ ಆರಂಭದ 'ಎಚ್‌ಟಿಟಿಪಿಎಸ್' ಭಾಗ ಬಿಟ್ಟು, ಮೊದಲು ಸಿಗುವ ಓರೆಗೆರೆಯಿಂದ ಎಡಕ್ಕೆ ಓದಿ. ಅಲ್ಲಿರುವ ಹೆಸರೇ ನಿಜವಾದ ಮಾಲೀಕರದು.
- ಬ್ಲಾಗ್‌ಸ್ಪಾಟ್‌ನಂಥ ಸೇವೆಗಳಲ್ಲಿ ಯಾರು ಬೇಕಾದರೂ ಉಚಿತವಾಗಿ ಸಬ್‌ಡೊಮೈನ್ ಪಡೆಯಬಹುದು. ಅಲ್ಲಿ ಬರೆದವರು ಯಾರು ಎಂದು ನೋಡಿ.
- ಬೀಗದ ಚಿಹ್ನೆ ಸಂಪರ್ಕ ಸುರಕ್ಷಿತ ಎನ್ನುತ್ತದೆ. ಸೈಟ್ ಪ್ರಾಮಾಣಿಕ ಎನ್ನುವುದಿಲ್ಲ.
- ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

ಹುಡುಕಾಟದಲ್ಲಿ ಒಂದು ಪುಟ ಎಲ್ಲಿದೆ ಎನ್ನುವುದು ಅದರ ಸತ್ಯಕ್ಕೆ ಸಾಕ್ಷಿಯಲ್ಲ. ಫಾರ್ವರ್ಡ್ ಮಾಡುವ ಮುನ್ನ ವಿಳಾಸವನ್ನು ಒಮ್ಮೆ ಓದಿ, ಮನೆಯ ಹಿರಿಯರಿಗೂ ತೋರಿಸಿಕೊಡಿ.