ಭೀಮನ ಪಾಲು

ಎತ್ತಿನ ಬೆಲೆಯನ್ನು ಕೇಳುವವರು ಬಹುಮಂದಿ. ಅದರ ಹೊಟ್ಟೆಯ ಲೆಕ್ಕವನ್ನು ಕೇಳುವವರು ಕೆಲವರು ಮಾತ್ರ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ, ಕಾವೇರಿಯ ದಂಡೆಯ ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿಯ ಗುಡಿಯಿದೆ. ತಲಕಾಡಿನ ಪಂಚಲಿಂಗಗಳಲ್ಲಿ ಅದೂ ಒಂದು. ಅಲ್ಲಿಯ ಜಾತ್ರೆ ದನಗಳ ಜಾತ್ರೆಯೆಂದೇ ಹೆಸರಾದುದು. ಜೋಡಿ ಹುಡುಕಿ ಬಂದ ರೈತನು ಹಲ್ಲನ್ನೆಣಿಸಿ, ಸುಳಿ ನೋಡಿ, ನಡೆಯನ್ನು ಪರೀಕ್ಷಿಸಿದ ಮೇಲೂ ಮನಸ್ಸಿನಲ್ಲಿ ಮತ್ತೊಂದು ಲೆಕ್ಕ ಹಾಕುತ್ತಾನೆ: ಮನೆಯ ಹುಲ್ಲಿನ ಮೆದೆ ಮುಂದಿನ ಸುಗ್ಗಿಯವರೆಗೆ ಬಂದೀತೆ? ಕೊಳ್ಳುವುದು ಒಂದು ದಿನದ ಖರ್ಚು. ಸಾಕುವುದು ದಿನದಿನದ ಖರ್ಚು.

ಈ ಲೆಕ್ಕ ಕಲ್ಪನಾಲೋಕವನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು 1974ರಲ್ಲಿ ಪ್ರಕಟವಾಯಿತು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯನ್ನು ಮುಂದುವರಿಸುತ್ತಾರೆ. ಸಂದೇಹ ಬಂದೆಡೆ ದಾಳವು ತೀರ್ಪು ಹೇಳುತ್ತದೆ. ನಮ್ಮ ಪುರಾಣಗಳ ಯಕ್ಷ, ಗಂಧರ್ವ, ರಾಕ್ಷಸರಂತೆ ಅಲ್ಲಿಯೂ ನಾನಾ ಕುಲಗಳುಂಟು. ಮೂರಡಿಯ ಹಾಫ್‌ಲಿಂಗ್ ಇದ್ದಾನೆ. ಆರಡಿಗೂ ಮೀರಿದ, ಘಟಸರ್ಪದ ಮೋರೆಯ ಡ್ರ್ಯಾಗನ್‌ಬಾರ್ನ್ ಇದ್ದಾನೆ.

ಇವರೆಲ್ಲರ ಸಂಸಾರ ವೆಚ್ಚಕ್ಕೂ ನಿಯಮವಿದೆ. ಆಟದ 2014ರ ಆವೃತ್ತಿಯ ಪ್ರಕಾರ ಬಡವನ ಬಾಳಿಗೆ ದಿನಕ್ಕೆ 2 ಬೆಳ್ಳಿ ನಾಣ್ಯ, ಸಾಧಾರಣನಿಗೆ 1 ಚಿನ್ನ, ಅನುಕೂಲಸ್ಥನಿಗೆ 2, ಶ್ರೀಮಂತನಿಗೆ 4. ಎತ್ತಿಗೆ 15 ಚಿನ್ನ. ಪಶುವಿನ ಮೇವಿಗೆ ದಿನಕ್ಕೆ 5 ತಾಮ್ರ. ನೂರು ತಾಮ್ರಕ್ಕೆ ಒಂದು ಚಿನ್ನವಾದುದರಿಂದ, ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದ ಎತ್ತು ಮುನ್ನೂರು ದಿನಗಳಲ್ಲಿ ತನ್ನ ಬೆಲೆಯಷ್ಟನ್ನು ತಿಂದು ಮುಗಿಸುತ್ತದೆ. ಮುಡುಕುತೊರೆಯ ರೈತನು ಈ ಮಾತಿಗೆ ಬೆರಗಾಗಲಾರನು.

ಬೆರಗಾಗುವುದು ಮುಂದಿನ ಮಾತಿಗೆ. ಹಾಫ್‌ಲಿಂಗನ ತೂಕ ಸುಮಾರು 18 ಕಿಲೋ. ಡ್ರ್ಯಾಗನ್‌ಬಾರ್ನನದು 110 ಕಿಲೋವಿಗೂ ಹೆಚ್ಚು. ಆದರೂ ಇಬ್ಬರಿಗೂ ದಿನಕ್ಕೆ ಒಂದೇ ಪೌಂಡು ಆಹಾರ, ಒಂದೇ ದರ! ಆಟಕ್ಕೆ ಇದು ಸರಿಯೇ. ದೊಡ್ಡ ದೇಹಕ್ಕೆ ದೊಡ್ಡ ದಂಡವೆಂದರೆ ಆ ಪಾತ್ರವನ್ನು ಬಯಸುವವರು ಕಡಿಮೆಯಾದಾರು. ಊಟದ ಲೆಕ್ಕದಲ್ಲೇ ಸಂಜೆ ಕಳೆದುಹೋದೀತು. ಆದರೆ ಸಂಸಾರವು ಆಟವಲ್ಲ.

ಏಕಚಕ್ರಪುರದಲ್ಲಿ ಪಾಂಡವರು ಭಿಕ್ಷಾನ್ನದಿಂದ ಬಾಳುತ್ತಿದ್ದಾಗ ಕುಂತಿಯು ಮಾಡಿದ ವಿಭಾಗವನ್ನು ನೆನೆಯಬೇಕು. ಅರ್ಧ ಭಾಗ ಭೀಮನೊಬ್ಬನಿಗೆ. ಉಳಿದರ್ಧ ತನಗೂ ಮಿಕ್ಕ ನಾಲ್ವರು ಮಕ್ಕಳಿಗೂ. ಆರು ಸಮಪಾಲು ಮಾಡುವುದು ಆ ತಾಯಿಗೆ ತಿಳಿಯದ ಗಣಿತವೇನಲ್ಲ. ಆದರೆ ಅವಳು ತಲೆಗಳನ್ನೆಣಿಸದೆ ಹೊಟ್ಟೆಗಳನ್ನು ಅಳೆದಳು. ಅರಗಿನ ಮನೆ ಉರಿದ ಮೇಲೆ ಕಾಡಿನಲ್ಲಿ ಅವರೆಲ್ಲರನ್ನೂ ಹೊತ್ತು ನಡೆದವನು ಆ ಭೀಮನೇ ಅಲ್ಲವೆ?

ಹಾಗಾದರೆ ಹಸಿವು ದೊಡ್ಡದೆಂದವನಿಗೆಲ್ಲ ದೊಡ್ಡ ಪಾಲು ಸಲ್ಲತಕ್ಕದ್ದೇ? ಅದೇ ಊರಿನ ಅಂಚಿನಲ್ಲಿ ಬಕಾಸುರನೂ ಇದ್ದನು. ಅವನ ವೆಚ್ಚ ಒಂದು ಬಂಡಿ ಅನ್ನ, ಎರಡು ಕೋಣ. ಜೊತೆಗೆ ಅವನ್ನು ಒಯ್ದ ಮನುಷ್ಯ. ಪರರ ದಾಳಿಯಿಂದ ಊರನ್ನು ಕಾಯುವ ಕೂಲಿಯೆಂದು ಅದಕ್ಕೊಂದು ನೆಪವೂ ಇತ್ತು. ಮನೆಮನೆಗೂ ಸರದಿ ಬರುತ್ತಿತ್ತು. ನಿಯಮ ಎಲ್ಲರಿಗೂ ಸಮಾನವಾಗಿತ್ತು. ಆ ಸಮಾನತೆಯಿಂದ ಪಾಂಡವರಿಗೆ ನೆರಳಿತ್ತ ಬ್ರಾಹ್ಮಣನ ಮನೆಯ ಅಳು ನಿಲ್ಲಲಿಲ್ಲ. ಬಂಡಿ ಒಯ್ದ ಭೀಮನು ಆ ಅನ್ನವನ್ನು ತಾನೇ ಉಂಡು, ಬಕನನ್ನು ಕೊಂದು, ಸರದಿಯನ್ನೇ ಮುಗಿಸಿದನು.

ಇಬ್ಬರ ಹೊಟ್ಟೆಯೂ ದೊಡ್ಡದೇ. ಒಬ್ಬನ ಪಾಲನ್ನು ಮನೆಯವರು ಅರಿತು ಬಡಿಸಿದರು. ಇನ್ನೊಬ್ಬನ ಪಾಲನ್ನು ಊರವರು ಹೆದರಿ ಹೊತ್ತರು. ತಿಂಗಳ ಮೊದಲ ವಾರ ಮನೆಯ ಖರ್ಚಿನ ಪಟ್ಟಿ ಬರೆಯುವಾಗ ಬೆಳೆಯುವ ಹುಡುಗನ ಹಾಲು, ಅಜ್ಜಿಯ ಔಷಧ, ಬಾಣಂತಿಯ ತುಪ್ಪ ಸಮಪಾಲಿನ ಸೂತ್ರಕ್ಕೆ ಒಗ್ಗುವುದಿಲ್ಲ. ಯಾರಿಗೆ ಎಷ್ಟು ಬೇಕೆಂಬುದನ್ನು ಗಟ್ಟಿಯಾಗಿ ಕೇಳುವವನ ದನಿಯಿಂದ ಅಳೆಯಲಾಗದು. ಬಡಿಸುವ ಕೈ ಪಂಕ್ತಿಯ ಕೊನೆಯಲ್ಲಿ ಸುಮ್ಮನೆ ಕುಳಿತವರ ಎಲೆಯನ್ನೂ ನೋಡಬೇಕು. ಬಡಿಸುವವಳ ಎಲೆಯನ್ನು ನೋಡುವವರೂ ಒಬ್ಬರಿರಬೇಕು.